ಶೀನನ ರಾಯಲ್ಟಿ ಕನಸು

‘ಅಬೌಟ್ ಎ ಬಾಯ್’ ಮುಗಿಯಿತು. ಶೀನ ಕಾಲು ಚಾಚಿ ಹೇಳಿದ, “ಬದುಕಿದ್ರೆ ಹಿಂಗೆ ಬದುಕಬೇಕು ಕಣ್ರೋ.”

2002ರ ಸಿನಿಮಾ ಇದು. ಹ್ಯೂ ಗ್ರಾಂಟ್ ಮಾಡಿದ ವಿಲ್ ಫ್ರೀಮನ್‌ಗೆ ಲಂಡನ್ನಿನಲ್ಲಿ ಒಳ್ಳೆ ಮನೆಯಿದೆ, ಕೆಲಸ ಇಲ್ಲ. ಅಪ್ಪ ಎಂದೋ ಬರೆದ ಕ್ರಿಸ್‌ಮಸ್ ಹಾಡಿನ ರಾಯಲ್ಟಿ ಬರುತ್ತದೆ, ಸಾಕು. ದಿನವನ್ನು ಅರ್ಧರ್ಧ ಗಂಟೆಯ ತುಂಡು ಮಾಡಿಕೊಂಡಿದ್ದಾನೆ. ಸ್ನಾನಕ್ಕೆ ಒಂದು ತುಂಡು. ನೀಟಾಗಿ ಕೂದಲು ಕೆದರಿಸಿಕೊಳ್ಳಲು ನಾಲ್ಕು!

“ನಿಮ್ಮಪ್ಪ ಏನು ಬರೆದಿದ್ದಾರೆ?” ಗಿರಿಜ ಕೇಳಿದಳು.

“ಸಾಲದ ಪತ್ರ. ಅದರ ಬಡ್ಡಿ ನಾನು ಕಟ್ತಿದ್ದೀನಿ.”

“ಅವನು ಹೆಂಗಸರ ಪರಿಚಯ ಮಾಡಿಕೊಳ್ಳೋಕೆ ಎರಡು ವರ್ಷದ ಮಗ ಇದ್ದಾನೆ ಅಂತ ಸುಳ್ಳು ಹೇಳಿ, ಒಂಟಿ ತಂದೆತಾಯಿಯರ ಸಂಘ ಸೇರ್ತಾನಲ್ಲ, ಅದೂ ಬೇಕಾ ನಿನಗೆ?”

“ಮದುವೆ ಬ್ರೋಕರ್‌ಗೆ ದುಡ್ಡು ಕೊಡೋದಕ್ಕಿಂತ ಅಗ್ಗ ಅಲ್ವಾ?”

ಆ ಸಂಘದ ನಂಟಿನಿಂದ ವಿಲ್‌ಗೆ ಸಿಗುವವನು ಹನ್ನೆರಡು ವರ್ಷದ ಮಾರ್ಕಸ್. ಅಮ್ಮ ಮಾಡಿದ ಬ್ರೆಡ್ಡನ್ನು ಬಾತುಕೋಳಿಗೆ ಎಸೆದ, ಕೋಳಿ ಸತ್ತೇ ಹೋಯಿತು. ಬ್ರೆಡ್ ಅಷ್ಟು ಗಟ್ಟಿ. ಅದೇ ದಿನ ಆ ಅಮ್ಮ ಸಾಯಲು ಹೊರಟಿದ್ದಳು. ನಗುತ್ತಿದ್ದವರು ಅಲ್ಲಿ ಸುಮ್ಮನಾದೆವು. ನನಗೆ ಸಿನಿಮಾ ಹಿಡಿಸಿದ್ದು ಅಲ್ಲಿಂದ. ಆ ಹುಡುಗ ಅಪ್ಪನನ್ನು ಹುಡುಕುವುದಿಲ್ಲ. ಇಬ್ಬರೇ ಇದ್ದರೆ ಸಾಲದು, ಒಬ್ಬರು ಬಿದ್ದರೆ ಇನ್ನೊಬ್ಬರು ಒಂಟಿ, ಅದಕ್ಕೇ ಇನ್ನೂ ಜನ ಬೇಕು ಅನ್ನುವುದು ಅವನ ಲೆಕ್ಕ. ವಿಲ್‌ಗೆ ಮಗನೇ ಇಲ್ಲ ಎಂದು ಪತ್ತೆ ಮಾಡಿ, ಸಲುಗೆಯಿಂದ ಅವನ ಮನೆಗೇ ಟಿವಿ ನೋಡಲು ಬಂದು ಕೂರುತ್ತಾನೆ.

“ನಮ್ಮನೇಲಿ ಆ ತೊಂದರೆ ಇಲ್ಲ,” ಶೀನ ಅಂದ. “ಚಿಕ್ಕಪ್ಪಂದಿರೇ ಐದು ಜನ. ಬೀಳೋಕೂ ಜಾಗ ಇಲ್ಲ.”

ಗಿರಿಜ ಈ ಸಿನಿಮಾಕ್ಕೆ ಮೂಲವಾದ ನಿಕ್ ಹಾರ್ನ್‌ಬಿಯ ಕಾದಂಬರಿ ಓದಿದ್ದವಳು. “ಪುಸ್ತಕದ ಕೊನೆ ಬೇರೆ. ರಾಕ್ ಗಾಯಕ ಕರ್ಟ್ ಕೋಬೇನ್ ಸತ್ತ 1994, ಪೊಲೀಸ್ ಸ್ಟೇಷನ್ನು, ರಾದ್ಧಾಂತ. ಇಲ್ಲಿ ಅದನ್ನು ಬಿಟ್ಟು ಶಾಲೆಯ ಸ್ಟೇಜು ತಂದಿದ್ದಾರೆ.”

ನನಗಂತೂ ಸ್ಟೇಜೇ ಸರಿ. ಹುಡುಗ ಹಾಡುತ್ತಿದ್ದಾನೆ, ಮಕ್ಕಳು ಗೇಲಿ ಮಾಡುತ್ತಿದ್ದಾರೆ. ವಿಲ್ ಗಿಟಾರ್ ಹಿಡಿದು ಬರುತ್ತಾನೆ. ಹುಡುಗನ ಹಾಡು ಮುಗಿದರೂ ಇವನು ಕಣ್ಣುಮುಚ್ಚಿ ಇನ್ನೊಂದು ಚರಣ ಎತ್ತಿಕೊಳ್ಳುತ್ತಾನೆ. ಈಗ ಗೇಲಿಯೆಲ್ಲ ಇವನಿಗೆ. ಬುದ್ಧಿ ಬಂದ ಮೇಲೂ ಪೆದ್ದನಾಗಿಯೇ ಉಳಿದನಲ್ಲ, ಅದು ಚೆಂದ.

“ನನಗೂ ಇಂಥ ಹುಡುಗ ಸಿಕ್ಕಿದ್ರೆ ಸುಧಾರಿಸ್ತಿದ್ದೆ,” ಅಂದ ಶೀನ.

“ನಿಮ್ಮಕ್ಕನ ಮಗ ಇದ್ದಾನಲ್ಲ?”

“ಅವನಾ? ಮೊನ್ನೆ ಇನ್ನೂರು ರೂಪಾಯಿ ಸಾಲ ಕೊಟ್ಟ. ಬಡ್ಡಿ ಕೇಳ್ತಿದ್ದಾನೆ.”