ಬಿಸಿಯಾದಾಗ ನಿಂತುಹೋಗುವ ಪದ್ಮಿನಿ: ದೋಷ ಪೆಟ್ರೋಲಿನದೋ, ಕಿಡಿಯದೋ?

ಪ್ರಶ್ನೆ: ನಮ್ಮಲ್ಲಿರುವ 1982ರ ಪ್ರೀಮಿಯರ್ ಪದ್ಮಿನಿ ಕಾರು ಬೆಳಿಗ್ಗೆ ಒಂದೇ ಸೆಲ್ಫ್‌ಗೆ (ಸ್ಟಾರ್ಟರ್ ಮೋಟಾರ್) ಸ್ಟಾರ್ಟ್ ಆಗುತ್ತದೆ. ಆದರೆ ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನ್ ಬಿಸಿಯೇರಿದ ಮೇಲೆ ಮಿಸ್ ಹೊಡೆಯುತ್ತಾ ನಿಂತುಬಿಡುತ್ತದೆ. ಅರ್ಧ ಗಂಟೆ ಬಾನೆಟ್ ತೆರೆದಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಭಾಗ) ಸ್ವಚ್ಛಗೊಳಿಸಿ ಪ್ಲಗ್‌ಗಳನ್ನು ಬದಲಿಸಿದರೂ ತೊಂದರೆ ತಪ್ಪಿಲ್ಲ. ಸೆಲ್ಫ್ ಕೂಡ ಬಿಸಿಯಲ್ಲಿ ನಿಧಾನವಾಗಿ ತಿರುಗುತ್ತದೆ.

ಉತ್ತರ 1: ಸರ್, ಬಿಡಿಭಾಗ ಕೊಳ್ಳುವ ಮೊದಲು, ಗಾಡಿ ನಿಂತ ಕ್ಷಣದಲ್ಲೇ ಪೆಟ್ರೋಲ್ ಹೊತ್ತಿಸುವ ಕಿಡಿಯನ್ನು ಪರೀಕ್ಷಿಸಿ, ತಣ್ಣಗಾದ ಮೇಲೆ ನೋಡಿದರೆ ಪ್ರಯೋಜನವಿಲ್ಲ. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಭಾಗ) ಕ್ಯಾಪ್‌ನ ನಡುವಿನ ವೈರನ್ನು ತೆಗೆದು, ರಬ್ಬರ್ ಹಿಡಿಯ ಇಕ್ಕಳದಿಂದ ಎಂಜಿನ್ ಬ್ಲಾಕ್‌ನ ಹತ್ತಿರ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಪಟಪಟನೆ ನೀಲಿ ಕಿಡಿ ಹಾರಿದರೆ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವುದು), ಕಂಡೆನ್ಸರ್ (ಪಾಯಿಂಟ್‌ಗಳು ಸುಡದಂತೆ ಕಾಯುವ ಸಣ್ಣ ಭಾಗ) ಎರಡೂ ಬಹುಮಟ್ಟಿಗೆ ಸರಿಯಿವೆ. ಹಳದಿಯಾದ ಬಡಕಲು ಕಿಡಿ ಬಂದರೆ ನನ್ನ ಮೊದಲ ಅನುಮಾನ ಕಂಡೆನ್ಸರ್ ಮೇಲೆ. ಪಾಯಿಂಟ್‌ಗಳನ್ನು (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಲೋಹದ ಸಂಪರ್ಕಗಳು) ಬಿಡಿಸಿ ನೋಡಿ: ಒಂದು ಮುಖದಲ್ಲಿ ಗುಳಿ, ಎದುರಿನದರಲ್ಲಿ ಸಣ್ಣ ಗುಬ್ಬಿ ಎದ್ದಿದ್ದರೆ ಆ ಅನುಮಾನ ಗಟ್ಟಿಯಾಗುತ್ತದೆ. ಸುತ್ತಮುತ್ತ ಪೆಟ್ರೋಲ್ ಸೋರಿದ್ದರೆ ಈ ಪರೀಕ್ಷೆಯನ್ನು ದಯವಿಟ್ಟು ಮಾಡಬೇಡಿ.

ಉತ್ತರ 2: ಕಿಡಿ ಚೆನ್ನಾಗಿದ್ದರೆ ವೇಪರ್ ಲಾಕ್, ಅಂದರೆ ಪೈಪಿನಲ್ಲಿ ಪೆಟ್ರೋಲ್ ಆವಿ ಕಟ್ಟಿಕೊಳ್ಳುವುದು, ಇರಬಹುದು. ಪೆಟ್ರೋಲ್ ಪಂಪ್ ಎಂಜಿನ್‌ಗೇ ಅಂಟಿಕೊಂಡಿರುವುದರಿಂದ, ಏರಿನಲ್ಲಿ ನಿಧಾನವಾಗಿ ಸಾಗುವಾಗ ಪೆಟ್ರೋಲ್ ಆವಿಯಾಗಿ ಹರಿವು ಕಡಿಯುತ್ತದೆ. ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿದಾಗ ಗಾಡಿ ಬೇಗ ಚೇತರಿಸಿಕೊಂಡರೆ, ಪೈಪನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ (ಎಂಜಿನ್‌ನ ಬಿಸಿ ಹೊಗೆ ಹೊರಬರುವ ಕೊಳವೆ) ದೂರ ಸರಿಸಿ ಕಟ್ಟಿಸಿ.

ಉತ್ತರ 3: ಸೆಲ್ಫ್‌ನ ವಿಷಯ ಬೇರೆಯೇ ಇರಬಹುದು. ಸೆಲ್ಫ್ ತಿರುಗುತ್ತಿರುವಾಗ ಬ್ಯಾಟರಿಯ ಅರ್ತ್ ತುದಿಗೂ ಎಂಜಿನ್ ಬ್ಲಾಕ್‌ಗೂ ಮಲ್ಟಿಮೀಟರ್ ಹಿಡಿಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ಪಟ್ಟಿಯನ್ನು (ಬ್ಯಾಟರಿಯ ಅರ್ತ್ ಸಂಪರ್ಕ ಒದಗಿಸುವ ದಪ್ಪ ತಂತಿ) ಬಿಚ್ಚಿ, ತುಕ್ಕನ್ನು ಉಜ್ಜಿ ತೆಗೆದು, ಬಿಗಿಯಾಗಿ ಕೂರಿಸಿ.