ಹೆದೆಯ ಸದ್ದಿಗೆ ಜಿಂಕೆ ಕುಸಿಯುತ್ತದೆ: 45 ಪೌಂಡ್ ರಿಕರ್ವ್ ಬಿಲ್ಲಿನ ಸದ್ದು, ನಡುಕ ತಗ್ಗಿಸುವುದು ಹೇಗೆ?

ಪ್ರಶ್ನೆ (ಮಿಶಿಗನ್‌ನಿಂದ)

ಎಲ್ಲರಿಗೂ ನಮಸ್ಕಾರ. ಪರವಾನಗಿ ಪಡೆದು ಬಿಲ್ಲಿನಲ್ಲಿ ಜಿಂಕೆ ಬೇಟೆಗೆ ಹೋಗುತ್ತಿರುವುದು ಇದು ನನಗೆ ಮೂರನೆಯ ವರ್ಷ. ನನ್ನದು ಮೂರು ಭಾಗವಾಗಿ ಬಿಚ್ಚಿ ಜೋಡಿಸುವ ರಿಕರ್ವ್ ಬಿಲ್ಲು, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು. ಉದ್ದ 62 ಇಂಚು. 28 ಇಂಚು ಎಳೆಯಲು ಬೇಕಾದ ಬಲ 45 ಪೌಂಡ್. ನನ್ನ ಎಳೆತ 27 ಇಂಚು ಮಾತ್ರ, ಹಾಗಾಗಿ ಬೆರಳಿಗೆ ಬರುವುದು ಸುಮಾರು 43 ಪೌಂಡ್. ಕಾರ್ಬನ್ ಬಾಣ, ಮುಂದೆ 100 ಗ್ರೇನ್ (ಸುಮಾರು 6.5 ಗ್ರಾಂ) ಮೊನೆ, ಒಟ್ಟು ತೂಕ 360 ಗ್ರೇನ್.

ಕಳೆದ ಅಕ್ಟೋಬರ್‌ನಲ್ಲಿ 18 ಗಜ ದೂರದಲ್ಲಿ ಬಿಳಿಬಾಲದ ಹೆಣ್ಣು ಜಿಂಕೆಯೊಂದು ಪಕ್ಕೆ ತೋರಿಸಿಕೊಂಡು ನಿಂತಿತ್ತು. ಗುರಿ ತಪ್ಪಿರಲಿಲ್ಲ. ಆದರೆ ಹೆದೆ ಝಣ್ ಎಂದದ್ದೇ ತಡ, ಅದು ನಾಲ್ಕೂ ಕಾಲು ಮಡಚಿ ನೆಲಕ್ಕೆ ಕುಸಿಯಿತು. ಬಾಣ ಬೆನ್ನಿನ ಮೇಲೆ ಹಾದು ಹಿಂದಿನ ಎಲೆಗಳೊಳಗೆ ಹೂತುಹೋಯಿತು. ಅದಕ್ಕೆ ಗಾಯವಾಗಲಿಲ್ಲ ಎಂಬುದೇ ಸಮಾಧಾನ. ನಾಲ್ಕು ಬೆರಳು ಕೆಳಗೆ ತಗುಲಿದ್ದರೆ ಆ ಪ್ರಾಣಿ ಎಷ್ಟು ದಿನ ನರಳುತ್ತಿತ್ತೋ ಎಂದು ಈಗಲೂ ಮನಸ್ಸು ಕುಟುಕುತ್ತದೆ.

ಅಂಗಡಿಯವರು ಕೊಟ್ಟ ರಬ್ಬರ್ ಸೈಲೆನ್ಸರ್‌ಗಳನ್ನು ಹೆದೆಯ ಮೇಲೂ ಕೆಳಗೂ ಸಮ ದೂರದಲ್ಲಿ ಕಟ್ಟಿದ್ದೇನೆ. ಸದ್ದು ಸ್ವಲ್ಪ ಮೊಂಡಾಯಿತೇ ಹೊರತು ನಿಲ್ಲಲಿಲ್ಲ. ಬಿಟ್ಟ ಮೇಲೆ ಹಿಡಿಯಲ್ಲಿ ನಡುಕವೂ ಉಳಿಯುತ್ತದೆ. ಹೆದೆ ಡೇಕ್ರಾನ್ ಎಂಬ ಪಾಲಿಯೆಸ್ಟರ್ ನೂಲಿನದು, ಈ ಬೇಸಿಗೆಯಲ್ಲಿ ಹಾಕಿದ ಹೊಸದು. ಇನ್ನೇನು ಮಾಡಬೇಕು?

ಉತ್ತರ (ವಿಸ್ಕಾನ್ಸಿನ್‌ನಿಂದ)

ಗಾಂಡೀವದ ಟಂಕಾರಕ್ಕೆ ವೈರಿಗಳ ಎದೆ ನಡುಗಿತು ಎಂಬುದನ್ನು ಕೇಳಿಕೊಂಡೇ ಬೆಳೆದವರು ನಾವು. ಜಿಂಕೆಯ ಮುಂದೆ ಮಾತ್ರ ಆ ಟಂಕಾರ ಬಾಣಕ್ಕಿಂತ ಮೊದಲು ಹೋಗಿ ಎಚ್ಚರಿಸಿಬಿಡುತ್ತದೆ. ಲೆಕ್ಕ ಹಾಕಿ ನೋಡಿ. 18 ಗಜವೆಂದರೆ ಸುಮಾರು 16.5 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ನಿಮ್ಮ ಬಾಣ 57 ಮೀಟರ್ ಹೋದರೆ ಹೆಚ್ಚು. ಸದ್ದು 0.05 ಸೆಕೆಂಡಿನಲ್ಲಿ ಕಿವಿಗೆ ಬಿತ್ತು. ಬಾಣ ಮುಟ್ಟಲು 0.29 ಸೆಕೆಂಡು ಬೇಕು. ನಡುವೆ ಕಾಲು ಸೆಕೆಂಡಿನಷ್ಟು ಸಮಯ ಜಿಂಕೆಗೆ ಸಿಕ್ಕಿತು. ಅದು ಬಾಣವನ್ನು ತಪ್ಪಿಸಿಕೊಳ್ಳಲು ಬಗ್ಗುವುದಲ್ಲ. ನೆಗೆದು ಓಡಬೇಕಾದರೆ ಮೊದಲು ಕಾಲು ಮಡಚಲೇಬೇಕು, ಅಷ್ಟೇ. ಬೆಚ್ಚುವುದರಲ್ಲಿಯೇ ಸ್ವಲ್ಪ ಸಮಯ ಹೋಗಿ 0.15 ಸೆಕೆಂಡು ಉಳಿದರೂ ಸಾಕು; ಅಷ್ಟರಲ್ಲಿ ಬಿಟ್ಟ ಕಲ್ಲು ಕೂಡ 11 ಸೆಂಟಿಮೀಟರ್ ಕೆಳಗಿಳಿಯುತ್ತದೆ. ನಿಮ್ಮ ಬಾಣ ಬೆನ್ನಿನ ಮೇಲೆ ಹೋದದ್ದು ಹೀಗೆ.

ಇದರಿಂದ ಎರಡು ಮಾತು ಖಚಿತ. ಹಗುರ ಬಾಣ ಹಾಕಿ ವೇಗ ಹೆಚ್ಚಿಸಿದರೆ ಶಬ್ದವನ್ನು ಸೋಲಿಸಬಹುದು ಎಂಬುದು ಆಗದ ಮಾತು. ಉಳಿದಿರುವ ದಾರಿ ಸದ್ದನ್ನು ಹುಟ್ಟುವಲ್ಲಿಯೇ ಕಡಿಮೆ ಮಾಡುವುದು ಮತ್ತು ಇನ್ನೂ ಹತ್ತಿರದಿಂದ ಹೊಡೆಯುವುದು.

ನೀವು ಸೈಲೆನ್ಸರ್‌ನಿಂದ ಆರಂಭಿಸಿದ್ದೀರಿ. ಅದು ಕೊನೆಗೆ ಬರಬೇಕಾದದ್ದು. ಜ್ವರದ ಮೂಲ ನೋಡದೆ ಹಣೆಗೆ ಒದ್ದೆ ಬಟ್ಟೆ ಹಾಕಿದರೆ ತುಸು ಹಾಯೆನಿಸಬಹುದು, ಜ್ವರ ಇಳಿಯುವುದಿಲ್ಲ. ಮೊದಲು ಹೇಳಿ: ಬ್ರೇಸ್ ಹೈಟ್ ಎಷ್ಟಿದೆ? ಹೆದೆಯೇರಿಸಿದ ಬಿಲ್ಲಿನಲ್ಲಿ ಹಿಡಿಯ ಅತಿ ಒಳಗಿನ ಬಿಂದುವಿನಿಂದ ಹೆದೆಯವರೆಗೆ ಅಳೆಯಿರಿ. 62 ಇಂಚಿನ ಬಿಲ್ಲಿಗೆ ಸಾಮಾನ್ಯವಾಗಿ ಏಳೂವರೆಯಿಂದ ಎಂಟು ಇಂಚಿನ ಆಸುಪಾಸು ಇರುತ್ತದೆ. ನಿಮ್ಮ ಬಿಲ್ಲಿನ ತಯಾರಕರು ಹೇಳಿದ ಮಿತಿ ಯಾವುದೋ ಅದೇ ಅಂತಿಮ. ಡೇಕ್ರಾನ್ ಹೊಸದಿದ್ದಾಗ ಹಿಗ್ಗುತ್ತದೆ. ಬೇಸಿಗೆಯಲ್ಲಿ ಹಾಕಿದ ಹೆದೆಯನ್ನು ಮತ್ತೆ ಅಳೆದಿದ್ದೀರಾ?

ಅಳೆಯುವಾಗಲೇ ಒಂದು ಚಿಕ್ಕ ಪರೀಕ್ಷೆ ಮಾಡಿ. ಹತ್ತಿಯ ಉಂಡೆಯನ್ನು ಎರಡೂ ಲಿಂಬ್‌ಗಳ (ಹಿಡಿಯ ಮೇಲೂ ಕೆಳಗೂ ಇರುವ ಬಾಗುವ ತೋಳುಗಳ) ಅಂಚಿನ ಮೇಲೆ ಮೆಲ್ಲಗೆ ಎಳೆಯಿರಿ. ಎಲ್ಲಿಯಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಸಿಬಿರು ಎದ್ದಿದೆ ಎಂದರ್ಥ. ಆ ಬಿಲ್ಲನ್ನು ಮತ್ತೆ ಎಳೆಯಬೇಡಿ.

ಪ್ರಶ್ನೆ ಕೇಳಿದವರು

ಲಿಂಬ್‌ಗಳಲ್ಲಿ ಹತ್ತಿ ಎಲ್ಲಿಯೂ ಸಿಕ್ಕಲಿಲ್ಲ. ಬ್ರೇಸ್ ಹೈಟ್ ಅಳೆದು ಬೆಚ್ಚಿದೆ: 6¾ ಇಂಚು. ಕೈಪಿಡಿಯಲ್ಲಿ 7½ರಿಂದ 8¼ ಎಂದಿದೆ. ಬೇಸಿಗೆಯಲ್ಲಿ 7¾ ಇತ್ತು ಎಂದು ನಾನೇ ಬರೆದಿಟ್ಟ ಚೀಟಿ ಪೆಟ್ಟಿಗೆಯಲ್ಲಿ ಸಿಕ್ಕಿತು.

ಉತ್ತರ (ವಿಸ್ಕಾನ್ಸಿನ್‌ನಿಂದ)

ಹಾಗಿದ್ದರೆ ಈಗಿನ ಸದ್ದಿಗೆ ಮುಕ್ಕಾಲು ಪಾಲು ಕಾರಣ ಸಿಕ್ಕಿತು. ಹೆದೆ ಉದ್ದವಾದಷ್ಟೂ ಬ್ರೇಸ್ ಹೈಟ್ ಇಳಿಯುತ್ತದೆ. ಆಗ ಬಾಣ ಹೆದೆಯಿಂದ ಬಿಡಿಸಿಕೊಳ್ಳುವುದು ತಡ, ಮಣಿಕಟ್ಟಿಗೂ ಹೆದೆ ಬಡಿಯಬಹುದು, ಲಿಂಬ್‌ನ ಬಾಗಿದ ತುದಿಗೆ ಹೆದೆ ಅಪ್ಪಳಿಸುವ ರೀತಿಯೂ ಕೆಡುತ್ತದೆ.

ಸ್ಟ್ರಿಂಗರ್ (ಹೆದೆ ಏರಿಸಲು, ಇಳಿಸಲು ಬಳಸುವ ಹಗ್ಗ) ಬಳಸಿ ಹೆದೆ ಇಳಿಸಿ. ಈಗಾಗಲೇ ಯಾವ ದಿಕ್ಕಿಗೆ ಹುರಿ ಇದೆಯೋ ಅದೇ ದಿಕ್ಕಿಗೆ ಐದು ಸುತ್ತು ಸೇರಿಸಿ, ಮತ್ತೆ ಏರಿಸಿ, ನಾಲ್ಕಾರು ಬಾಣ ಬಿಡಿ, ಅಳೆಯಿರಿ. ಆತುರ ಬೇಡ. 7½ರಿಂದ ಮೇಲಕ್ಕೆ ಹೋಗುತ್ತಾ ಒಂದು ಕಡೆ ಸದ್ದು ತಟ್ಟನೆ ಬದಲಾಗುತ್ತದೆ. ನಿಮ್ಮ ಬಿಲ್ಲಿಗೆ ಒಪ್ಪುವ ಎತ್ತರ ಅದೇ. ಅದನ್ನು ಅಂಕಿಯಿಂದ ಹುಡುಕಲಾಗದು, ಕಿವಿಯಿಂದಲೇ ಹುಡುಕಬೇಕು. ಹುರಿ ಹೆಚ್ಚಾಗಿ ಹೆದೆ ಗಂಟು ಗಂಟಾಗಿ ಕಾಣತೊಡಗಿದರೆ ನಿಲ್ಲಿಸಿ, ಗಿಡ್ಡ ಹೆದೆಯನ್ನೇ ಕೊಳ್ಳಿ. 62 ಇಂಚಿನ ರಿಕರ್ವ್‌ಗೆ ಹೆದೆಯ ನಿಜ ಉದ್ದ ಸುಮಾರು 58 ಇಂಚು ಇರಬೇಕು. ಬ್ರೇಸ್ ಹೈಟ್ ಬದಲಿಸಿದ ಮೇಲೆ ನಾಕ್ (ಹೆದೆಗೆ ಸಿಕ್ಕಿಸುವ ಬಾಣದ ಹಿಂತುದಿ) ಕೂರುವ ಜಾಗವನ್ನೂ ಮತ್ತೊಮ್ಮೆ ಅಳೆಯಬೇಕು. ಇದನ್ನು ಬಹಳ ಜನ ಮರೆಯುತ್ತಾರೆ.

ಇನ್ನು ಬಾಣ. ಲಿಂಬ್‌ಗಳಲ್ಲಿ ನೀವು ತುಂಬಿದ ಶಕ್ತಿಯಲ್ಲಿ ಬಾಣ ಹೊತ್ತೊಯ್ಯದೆ ಬಿಟ್ಟದ್ದೆಲ್ಲ ಬಿಲ್ಲಿನಲ್ಲಿಯೇ ಉಳಿದು ಸದ್ದಾಗಿ, ನಡುಕವಾಗಿ ಹೊರಬರುತ್ತದೆ. ಹಗುರ ಬಾಣ ಕಡಿಮೆ ಹೊತ್ತೊಯ್ಯುತ್ತದೆ. 43 ಪೌಂಡಿಗೆ 360 ಗ್ರೇನ್ ಎಂದರೆ ಪೌಂಡಿಗೆ 8.4 ಗ್ರೇನ್. ಬೇಟೆಯ ರಿಕರ್ವ್‌ಗೆ ನಾನು 10ಕ್ಕಿಂತ ಕೆಳಗೆ ಹೋಗುವುದಿಲ್ಲ. 100 ಗ್ರೇನ್ ಮೊನೆ ತೆಗೆದು 175 ಗ್ರೇನಿನದು ಹಾಕಿದರೆ ಒಟ್ಟು 435, ಅಂದರೆ ಸುಮಾರು 28 ಗ್ರಾಂ. ಪೌಂಡಿಗೆ ಹತ್ತು ದಾಟುತ್ತದೆ. ಮುಂಭಾರ ಹೆಚ್ಚಾದಾಗ ಬಾಣ ಹೆಚ್ಚು ಬಳುಕುತ್ತದೆ ಎಂಬುದು ನೆನಪಿರಲಿ. ಗರಿಯಿಲ್ಲದ ಒಂದೆರಡು ಬಾಣಗಳನ್ನು ಹತ್ತಿರದಿಂದ ಬಿಟ್ಟು ನೋಡಿ. ಗರಿಯಿರುವ ಬಾಣಗಳ ಜೊತೆಗೇ ಅವು ನಾಟಿದರೆ ಸರಿ. ತೀರ ದೂರ ಹೋದರೆ ಬಾಣದ ಗಡಸು ನಿಮ್ಮ ಬಿಲ್ಲಿಗೆ ಹೊಂದುತ್ತಿಲ್ಲ. ಹೊಂದದ ಬಾಣ ರೈಸರ್‌ಗೆ (ಹಿಡಿಯಿರುವ ನಡುಭಾಗಕ್ಕೆ) ತಗುಲಿ ಟಕ್ ಎನ್ನುವುದೂ ಉಂಟು. ಆ ಸದ್ದನ್ನು ಹೆದೆಯದೆಂದು ತಪ್ಪು ತಿಳಿಯಬೇಡಿ.

ಉತ್ತರ (ಮೈಸೂರಿನಿಂದ)

ನಾನು ಗುರಿಹಲಗೆಗೆ ಮಾತ್ರ ಬಾಣ ಬಿಡುವವನು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ, ಬಿಲ್ಲು ಬಾಣದಿಂದಾದರೂ ಅಷ್ಟೇ. ಆದರೆ ಹೆದೆಯ ಸದ್ದು ಎರಡೂ ಕಡೆ ಒಂದೇ. ಮನೆಯಲ್ಲಿ ವೀಣೆ ಇರುವುದರಿಂದ ನನಗೆ ಇದು ಬೇರೆ ರೀತಿಯಲ್ಲಿ ಅರ್ಥವಾಯಿತು.

ವೀಣೆಯ ತಂತಿಯ ನಟ್ಟನಡುವೆ ಬೆರಳನ್ನು ಹಗುರವಾಗಿ ಮುಟ್ಟಿಸಿ ಮೀಟಿ. ಸದ್ದು ಸಾಯುವುದಿಲ್ಲ, ಮೇಲಿನ ಷಡ್ಜ ಕೇಳುತ್ತದೆ. ಮೂರನೆಯ ಒಂದು ಭಾಗದಲ್ಲಿ ಮುಟ್ಟಿದರೆ ಬೇರೊಂದು ಸ್ವರ. ತಂತಿ ಏಕಕಾಲಕ್ಕೆ ಹಲವು ಬಗೆಯಲ್ಲಿ ಕಂಪಿಸುತ್ತದೆ. ಪ್ರತಿ ಬಗೆಗೂ ಅಲುಗಾಡದೆ ನಿಂತ ಬಿಂದುಗಳಿರುತ್ತವೆ. ಆ ಬಿಂದುವಿನಲ್ಲಿ ಏನು ಕಟ್ಟಿದರೂ ಆ ಕಂಪನಕ್ಕೆ ತಡೆಯಿಲ್ಲ. ನೀವು ಎರಡೂ ಸೈಲೆನ್ಸರ್‌ಗಳನ್ನು ಸಮ ದೂರದಲ್ಲಿ ಕಟ್ಟಿದ್ದೀರಿ. ಅವು ಕಾಲು ಭಾಗದಲ್ಲಿ ಬಿದ್ದಿದ್ದರೆ ನಾಲ್ಕಾಗಿ ಒಡೆದು ಕಂಪಿಸುವ ಸ್ವರವನ್ನು ಎರಡೂ ಮುಟ್ಟುವುದಿಲ್ಲ. ಮೇಲಿನದನ್ನು ಹೆದೆಯ ಕಾಲು ಭಾಗದಲ್ಲಿಯೂ ಕೆಳಗಿನದನ್ನು ಮೂರನೆಯ ಒಂದು ಭಾಗದಲ್ಲಿಯೂ ಕಟ್ಟಿ. ಒಂದು ತಪ್ಪಿಸಿಕೊಳ್ಳಲು ಬಿಟ್ಟ ಸ್ವರವನ್ನು ಇನ್ನೊಂದು ಹಿಡಿಯುತ್ತದೆ. ನಡುವಿಗೆ ತೀರ ಹತ್ತಿರ ತಂದರೆ ಬಾಣದ ವೇಗ ಕುಗ್ಗುತ್ತದೆ.

ಇನ್ನೊಂದು ಜಾಗವಿದೆ, ನನಗೆ ಅದೇ ಮುಖ್ಯವೆನಿಸುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ನೂಲಿನ ಎಳೆ ಸರಿಸಿ ನಾದವನ್ನು ಅರಳಿಸುತ್ತಾರಲ್ಲ, ಆಗ ತಂತಿ ಕುದುರೆಯ ಬಾಗಿದ ಮೈಯನ್ನು ಸವರುತ್ತಾ ಕಂಪಿಸುತ್ತದೆ; ಜುಂಯ್ ಎಂಬ ಆ ತುಂಬು ನಾದ ಅದರಿಂದಲೇ. ರಿಕರ್ವ್ ಬಿಲ್ಲಿನ ತುದಿಯೂ ಅಂಥ ಬಾಗಿದ ಮೈ, ಹೆದೆ ಅದರ ಮೇಲೆಯೇ ಮಲಗಿದೆ. ಅರಿವಿಲ್ಲದೆ ನಾವು ಬಿಲ್ಲಿನ ಎರಡೂ ತುದಿಗೆ ತಂಬೂರಿಯ ಕುದುರೆ ಕೂರಿಸಿದ್ದೇವೆ. ಕೊಪ್ಪಿನಿಂದ (ಹೆದೆಯ ಕುಣಿಕೆ ಸಿಕ್ಕಿಸುವ ತುದಿಯಿಂದ) ಕೆಳಗೆ ಹೆದೆ ಲಿಂಬ್ ಅನ್ನು ಮುಟ್ಟುವ ಕೊನೆಯ ಎರಡು ಇಂಚಿನಲ್ಲಿ ತೆಳುವಾದ ಫೆಲ್ಟ್ ಪಟ್ಟಿ ಅಥವಾ ವೆಲ್ಕ್ರೋದ ಮೆತ್ತನೆಯ ಭಾಗ ಅಂಟಿಸಿ. ಹೆದೆ ಲಿಂಬ್ ತುದಿಯ ತೋಡಿನ ನಡುವಿನಲ್ಲಿಯೇ ಕೂರುತ್ತಿದೆಯೇ ಎಂದು ಹಿಂದಿನಿಂದ ನೋಡಿ. ಒಂದು ಬದಿಗೆ ವಾಲಿದ್ದರೆ ಲಿಂಬ್ ತಿರುಚಿಕೊಂಡಿದೆ, ಅದಕ್ಕೆ ಫೆಲ್ಟ್ ಮದ್ದಲ್ಲ.

ಪ್ರಶ್ನೆ ಕೇಳಿದವರು

ಎರಡು ವಾರಾಂತ್ಯ ಇದಕ್ಕೇ ಕೊಟ್ಟೆ. ಫೋನನ್ನು 15 ಗಜ ಮುಂದೆ, ಗುರಿಯಿಂದ ಬಹಳ ಪಕ್ಕಕ್ಕೆ, ಮರದ ಬುಡದ ಹಿಂದೆ ಇಟ್ಟು ಪ್ರತಿ ಬದಲಾವಣೆಯ ಸದ್ದನ್ನೂ ಮುದ್ರಿಸಿಕೊಂಡೆ. ಬಿಲ್ಲು ಹಿಡಿದವನ ಕಿವಿಗೂ ಮುಂದಿರುವ ಕಿವಿಗೂ ಕೇಳುವುದು ಬೇರೆಯೇ ಎಂದು ಅದರಿಂದ ತಿಳಿಯಿತು.

ಮೊದಲ ಐದು ಸುತ್ತಿಗೆ ಏನೂ ಆಗಲಿಲ್ಲ. ಹತ್ತು, ಹದಿನೈದಕ್ಕೆ ಝಣ್ ಎಂಬುದು ಗಿಡ್ಡವಾಯಿತು. 7⅞ ಇಂಚಿಗೆ ಬಂದಾಗ ಬಾಣ ಬಿಟ್ಟು ಹಾಗೆಯೇ ನಿಂತುಬಿಟ್ಟೆ. ಟುಪ್ ಎಂದಿತು, ಅಷ್ಟೇ. ಬಾಗಿಲಿಗೆ ದಿಂಬು ತಗುಲಿದಂತೆ. ಇನ್ನೂ ಕಾಲು ಇಂಚು ಏರಿಸಿದಾಗ ಮತ್ತೆ ಕರ್ಕಶವಾಯಿತು, ಹಿಂದಕ್ಕೆ ಬಂದೆ. 175 ಗ್ರೇನ್ ಮೊನೆ ಹಾಕಿದ ಮೇಲೆ ಹಿಡಿಯ ನಡುಕ ಬಹುಮಟ್ಟಿಗೆ ಹೋಯಿತು. ಗರಿಯಿಲ್ಲದ ಬಾಣಗಳೂ ಉಳಿದವುಗಳ ಪಕ್ಕದಲ್ಲಿಯೇ ನಾಟುತ್ತಿವೆ. ರಬ್ಬರ್ ತೆಗೆದು ಬೀವರ್ ತುಪ್ಪಳದ ಪಟ್ಟಿಗಳನ್ನು ಕಾಲು ಮತ್ತು ಮೂರನೆಯ ಒಂದು ಭಾಗದಲ್ಲಿ ಸುತ್ತಿದ್ದೇನೆ, ತುದಿಗಳಿಗೆ ಫೆಲ್ಟ್ ಅಂಟಿಸಿದ್ದೇನೆ.

ಇಷ್ಟಾದರೂ ಮುದ್ರಿಕೆಯಲ್ಲಿ ಸಣ್ಣದೊಂದು ಕಟಕಟ ಉಳಿದಿದೆ. ಹೆದೆಯದಲ್ಲ ಎನಿಸುತ್ತದೆ. ಇನ್ನೊಂದು ಪ್ರಶ್ನೆ: ಮುಂಜಾನೆಯ ಇಬ್ಬನಿಗೆ ತುಪ್ಪಳ ಒದ್ದೆಯಾದರೆ?

ಉತ್ತರ (ವಿಸ್ಕಾನ್ಸಿನ್‌ನಿಂದ)

ಬಿಲ್ಲನ್ನು ಒಂದು ಕೈಯಲ್ಲಿ ಸಡಿಲವಾಗಿ ಹಿಡಿದು, ಇನ್ನೊಂದು ಕೈಯ ಗೆಣ್ಣಿನಿಂದ ರೈಸರ್ ಮೇಲೆ ಕುಟ್ಟಿ. ಬತ್ತಳಿಕೆಯನ್ನು ಬಿಲ್ಲಿಗೇ ಕೂಡಿಸಿದ್ದರೆ ಅದರಲ್ಲಿನ ಬಾಣಗಳೇ ಮೊದಲ ಶಂಕೆ. ಅದನ್ನು ತೆಗೆದು ಮತ್ತೆ ಕುಟ್ಟಿ. ಆಮೇಲೆ ಲಿಂಬ್ ಬೋಲ್ಟ್ ಬಿಗಿಯಿದೆಯೇ ನೋಡಿ. ನಾಕ್ ಹಿಡಿತವನ್ನೂ ಪರೀಕ್ಷಿಸಿ: ಬಾಣವನ್ನು ಹೆದೆಗೆ ನೇತುಹಾಕಿದಾಗ ನಿಲ್ಲಬೇಕು, ಹೆದೆಯನ್ನು ಬೆರಳಿನಿಂದ ತಟ್ಟಿದಾಗ ಬೀಳಬೇಕು.

ಬೀವರ್ ನೀರಿನಲ್ಲಿ ಬದುಕುವ ಪ್ರಾಣಿ, ಅದರ ತುಪ್ಪಳ ಉಣ್ಣೆಯಷ್ಟು ನೀರು ಹೀರುವುದಿಲ್ಲ. ಆದರೂ ನೆನೆದ ತುಪ್ಪಳ ಭಾರವಾಗಿ ಬಾಣ ತುಸು ಕೆಳಗೆ ಬೀಳಬಹುದು. ಕುಳಿತ ಜಾಗದಲ್ಲಿಯೇ ಎರಡು ಬೆರಳಿನಿಂದ ಹಿಂಡಿ, ಹೆದೆಯನ್ನು ಹಗುರವಾಗಿ ಮಿಡಿದು ನೀರು ಕೊಡವಿ. ನೀರು ಹಾರಿಸಲೆಂದು ಬಾಣವಿಲ್ಲದೆ ಬಿಲ್ಲನ್ನು ಎಳೆದು ಬಿಡಬೇಡಿ. ಆ ಒಂದೇ ಏಟಿಗೆ ಲಿಂಬ್ ಒಡೆಯಬಹುದು.

ಪ್ರಶ್ನೆ ಕೇಳಿದವರು

ಬತ್ತಳಿಕೆಯೇ. ಎರಡು ಬಾಣಗಳ ಗರಿ ಒಂದಕ್ಕೊಂದು ಉಜ್ಜುತ್ತಿದ್ದವು. ಒಂದೊಂದು ಗೂಡು ಬಿಟ್ಟು ಸಿಕ್ಕಿಸಿದೆ, ಕಟಕಟ ನಿಂತಿತು. ಅಕ್ಟೋಬರ್ 1ಕ್ಕೆ ಇಲ್ಲಿ ಬಿಲ್ಲಿನ ಬೇಟೆ ತೆರೆಯುತ್ತದೆ. ಈ ವರ್ಷ 15 ಗಜಕ್ಕಿಂತ ಆಚೆಗಿರುವ ಜಿಂಕೆಗೆ ಬಾಣ ಹೂಡುವುದಿಲ್ಲ ಎಂದು ನಿರ್ಧರಿಸಿದ್ದೇನೆ. ಅಂದು ಕುಳಿತಿದ್ದ ಮರದಿಂದ ಆ ದೂರವನ್ನು ಅಳೆದು ನೆಲದಲ್ಲಿ ಒಂದು ಕೋಲು ನೆಟ್ಟು ಬಂದೆ.