ನ್ಯಾಷನಲ್ ಫಾರೆಸ್ಟ್ ಕ್ಲೇಮ್ ಕೊಂಡರೆ ಕೈಗೆ ಬರೋದೇನು?

*ಭೂವಿಜ್ಞಾನ ಹಳೇ ಬ್ಯಾಚ್*

*ಹರೀಶ:* [ಫಾರ್ವರ್ಡ್] ಕ್ಯಾಲಿಫೋರ್ನಿಯಾ ನ್ಯಾಷನಲ್ ಫಾರೆಸ್ಟ್ ಒಳಗೆ 20 ಎಕರೆ ಚಿನ್ನದ ಕ್ಲೇಮ್ (ಸರ್ಕಾರಿ ನೆಲದಲ್ಲಿ ಖನಿಜ ತೆಗೆಯೋ ಹಕ್ಕು) ಮಾರಾಟಕ್ಕಿದೆ. ಹೊಳೆ ಪಕ್ಕ. ಕ್ಯಾಬಿನ್ ಕಟ್ಟಿಕೊಳ್ಳಬಹುದು.

ಅಮೆರಿಕದಲ್ಲಿರೋರು ನೋಡ್ರಪ್ಪಾ. 1872ರ ಗಣಿ ಕಾನೂನು ಇನ್ನೂ ಜಾರಿಯಲ್ಲಿದೆ. ಖನಿಜ ತೆಗೆಯೋದು ಹಕ್ಕು, ಅಲ್ಲಿನ ಅರಣ್ಯ ಇಲಾಖೆ ಫಾರೆಸ್ಟ್ ಸರ್ವಿಸ್ ಅಡ್ಡ ಬರೋ ಹಾಗಿಲ್ಲ.

*ಶೈಲಜಾ:* ಹಕ್ಕು ಖನಿಜಕ್ಕೆ ಕಣೋ, ನೆಲಕ್ಕಲ್ಲ. ಕ್ಯಾಬಿನ್ ಮಾತು ಪೂರ್ತಿ ಸುಳ್ಳು. 1955ರ ಕಾನೂನಿನ ನಂತರದ ಕ್ಲೇಮ್‌ಗಳಲ್ಲಿ ಗಣಿ ಕೆಲಸಕ್ಕೆ ಬೇಕಾದಷ್ಟೇ ನೆಲ ಬಳಸಬೇಕು. ಮನೆ ಕಟ್ಟೋದು, ಗೇಟ್ ಹಾಕಿ ಜನರನ್ನ ತಡೆಯೋದು ನಡೆಯಲ್ಲ.

*ಹರೀಶ:* ಸಣ್ಣ ಕೆಲಸಕ್ಕೆ ಅನುಮತಿನೇ ಬೇಡ ಅಂತ ಫಾರೆಸ್ಟ್ ಸರ್ವಿಸ್ ನಿಯಮ 36 ಸಿಎಫ್ಆರ್ 228.4ರಲ್ಲೇ ಇದೆ.

*ಶೈಲಜಾ:* ಪೂರ್ತಿ ಓದು. ಪ್ಯಾನ್‌ನಲ್ಲಿ ಮರಳು ತೊಳೆಯೋದು, ಮೆಟಲ್ ಡಿಟೆಕ್ಟರ್, ಮೋಟಾರಿಲ್ಲದ ಸ್ಲೂಯಿಸ್ (ನೀರು ಹರಿಸಿ ಚಿನ್ನ ಬೇರ್ಪಡಿಸೋ ತೊಟ್ಟಿ) ಇವಕ್ಕೆ ನೋಟಿಸ್ ಬೇಡ, ಅದೂ ನೆಲಕ್ಕೆ ಗಣನೀಯ ಹಾನಿ ಆಗದಿದ್ದರೆ. ಜೆಸಿಬಿ ಥರದ್ದು ಇಳಿಸಿ ಅಂಥ ಹಾನಿ ಆಗೋ ಸಂಭವ ಬಂದರೆ ಆ ಭಾಗದ ಅರಣ್ಯಾಧಿಕಾರಿ ಡಿಸ್ಟ್ರಿಕ್ಟ್ ರೇಂಜರ್‌ಗೆ ನೋಟಿಸ್ ಆಫ್ ಇಂಟೆಂಟ್ (ಕೆಲಸದ ಮುನ್ಸೂಚನೆ ಪತ್ರ) ಕೊಡಬೇಕು: ಎಲ್ಲಿ, ಏನು ಕೆಲಸ, ಯಾವ ದಾರಿ, ಯಾವ ವಾಹನ. 15 ದಿನದಲ್ಲಿ ಉತ್ತರ ಬರುತ್ತೆ. ಹಾನಿ ಆಗೋ ಸಂಭವವೇ ಹೆಚ್ಚು ಅಂತ ರೇಂಜರ್‌ಗೆ ಕಂಡರೆ ಪ್ಲಾನ್ ಆಫ್ ಆಪರೇಶನ್ಸ್ (ಕೆಲಸದ ಪೂರ್ತಿ ಯೋಜನೆ) ಮಂಜೂರಾಗದೆ ಒಂದು ಬುಟ್ಟಿ ಮಣ್ಣೂ ಎತ್ತೋ ಹಾಗಿಲ್ಲ.

*ಮಂಜುನಾಥ್ ಸರ್:* ಇಬ್ಬರೂ ಯಂತ್ರ ನೋಡ್ತಿದ್ದೀರಿ, ಜಾಗ ನೋಡಿ. ಒಣ ಗುಡ್ಡದಲ್ಲಿ ತೋಡಿದ ಗುಂಡಿ ಸರಿಯಾಗಿ ಮುಚ್ಚಿದ್ರೆ ಮುಗೀತು. ಅದೇ ಗುಂಡಿ ಹೊಳೆ ದಂಡೆಯಲ್ಲಿದ್ರೆ ಜೋರು ಮಳೆಗೆ ದಂಡೆ ಕುಸಿದು ನುಣ್ಣನೆ ಮಣ್ಣು ಕೆಳಗಿನ ಜಲ್ಲಿ ಸಂದಿಯಲ್ಲಿ ಕೂರುತ್ತೆ. ಸಾಲ್ಮನ್, ಟ್ರೌಟ್ ಮೊಟ್ಟೆ ಇಡೋದು ಆ ಜಲ್ಲಿಯೊಳಗೇ. ಸಂದಿ ಕಟ್ಟಿದ್ರೆ ನೀರು ಹರಿಯಲ್ಲ, ಆಮ್ಲಜನಕ ಇಲ್ಲದೆ ಮೊಟ್ಟೆ ಸಾಯುತ್ತೆ.

ಪ್ಲಾನ್‌ನಲ್ಲಿ ಇದಕ್ಕೆ ಉತ್ತರ ಇರಬೇಕು. ಮೇಲ್ಮಣ್ಣು ಒಂದು ರಾಶಿ, ಅಡಿಮಣ್ಣು ಇನ್ನೊಂದು, ಎರಡೂ ನೀರಿಂದ ದೂರ. ತೊಳೆದ ನೀರು ಹೊಂಡದಲ್ಲಿ ನಿಂತು ತಿಳಿಯಾಗಬೇಕು, ನೇರ ಹೊಳೆಗೆ ಬಿಡೋ ಹಾಗಿಲ್ಲ. ಮುಚ್ಚೋವಾಗ ಕಲ್ಲು, ಅಡಿಮಣ್ಣು, ಕೊನೆಗೆ ಮೇಲ್ಮಣ್ಣು. ಬೆರೆಸಿಬಿಟ್ರೆ ಬೀಜ, ಬೇರು, ಸತ್ವ ಎಲ್ಲ ಕೆಳಗೆ ಹೂತುಹೋಗಿ ಹುಲ್ಲೂ ಏಳಲ್ಲ. ಯಂತ್ರ ಓಡಾಡಿ ಗಟ್ಟಿಯಾದ ನೆಲವನ್ನ ಕೆದಕಿ ಸಡಿಲ ಮಾಡದೆ ಮಣ್ಣು ಹರಡಿದ್ರೆ ಇಳಿಜಾರಲ್ಲಿ ಅದು ಪದರವಾಗಿ ಜಾರುತ್ತೆ. ಬಹಳ ಜನ ಎಡವೋದು ಇಲ್ಲೇ.

*ಹರೀಶ:* ಸರ್, ದೊಡ್ಡ ಕಂಪನಿಗೆ ಕನ್ಸಲ್ಟೆಂಟ್ ಇರ್ತಾರೆ. ಒಬ್ಬನೇ ದುಡಿಯೋನು ಪರಿಸರ ಪರಿಶೀಲನೆಗೆ ಕಾದು ಕಾದು, ಮೇಲೆ ಬಾಂಡ್ ಅಂತ ಮುಂಗಡ ಖಾತರಿ ಹಣ ಬೇರೆ ಕಟ್ಟಬೇಕು. ಅನ್ಯಾಯ.

*ಶೈಲಜಾ:* ವಿಳಂಬದ ವಿಷಯ ಒಪ್ತೀನಿ. ಬಾಂಡ್ ಬಿಡೋಕಾಗಲ್ಲ. ಅರ್ಧಕ್ಕೇ ಕೈಬಿಟ್ಟು ಹೋದರೆ ಆ ಗುಂಡಿ ಮುಚ್ಚಿಸೋ ಖರ್ಚು ಅದು. ಒಂದು ತುಂಡು ತೋಡಿ, ಮುಚ್ಚಿ, ಆಮೇಲೆ ಮುಂದಿನದಕ್ಕೆ ಹೋದ್ರೆ ತೆರೆದ ನೆಲ ಕಡಿಮೆ, ಬಾಂಡ್ ಮೊತ್ತವೂ ಕಡಿಮೆ. ಮುಗಿದ ಭಾಗಕ್ಕೆ ಇಳಿಸಿಕೊಡಿ ಅಂತ ಕೇಳಬಹುದು.

*ಮಂಜುನಾಥ್ ಸರ್:* "ಹೊಳೆ ಪಕ್ಕ" ಅಂತ ಆಸೆ ಹುಟ್ಟಿಸಿದ್ದಾರೆ. ಸಕ್ಷನ್ ಡ್ರೆಜ್ (ಹೊಳೆ ತಳದ ಮರಳು ಹೀರೋ ಯಂತ್ರ) ಹಾಕೋ ಯೋಚನೆಯಿದ್ರೆ ಬಿಡಿ, ಆ ರಾಜ್ಯ 2009ರಲ್ಲೇ ತಡೆ ಹಾಕಿದೆ. ಹಳೇ ಚಿನ್ನದ ಗಣಿಗಳ ಪಾದರಸ ತಳದ ಮರಳಲ್ಲಿದೆ, ಕಲಕಿದ್ರೆ ಮೇಲೆ ಬರುತ್ತೆ. 1872ರ ಕಾನೂನು ತೋರಿಸಿ ವಾದಿಸಿದವರನ್ನ ರಾಜ್ಯದ ಸುಪ್ರೀಂ ಕೋರ್ಟ್ 2016ರಲ್ಲಿ ಒಪ್ಪಲಿಲ್ಲ ಹರೀಶ.

*ಹರೀಶ:* ಹಾಗಾದ್ರೆ ಯಾರೂ ಕೊಳ್ಳಲೇಬಾರದಾ?

*ಶೈಲಜಾ:* ಕೊಳ್ಳಲಿ, ನೋಡಿ ಕೊಳ್ಳಲಿ. ಮೊದಲು ಕ್ಲೇಮ್ ದಾಖಲೆ ಇಡೋ ಕೇಂದ್ರ ಭೂ ಇಲಾಖೆ ಬಿಎಲ್ಎಂನ ಸೀರಿಯಲ್ ನಂಬರ್ ಕೇಳಿ. ವರ್ಷದ ಶುಲ್ಕ 200 ಡಾಲರ್, ಸೆಪ್ಟೆಂಬರ್ 1ರೊಳಗೆ ಬೀಳದಿದ್ದರೆ ಕ್ಲೇಮ್ ಅಲ್ಲಿಗೇ ರದ್ದು. ಹತ್ತೋ ಅದಕ್ಕಿಂತ ಕಡಿಮೆಯೋ ಕ್ಲೇಮ್ ಇರೋನು ಶುಲ್ಕದ ವಿನಾಯಿತಿ ತಗೊಂಡಿದ್ರೆ, ಕ್ಲೇಮ್‌ಗೆ 100 ಡಾಲರ್ ಕೆಲಸ ಮಾಡಿದ ಅಫಿಡವಿಟ್ ಡಿಸೆಂಬರ್ 30ರೊಳಗೆ ಹೋಗಿರಬೇಕು, ಪ್ರತಿ ಕೇಳಿ. ಕೊಡೋದು ಕ್ವಿಟ್‌ಕ್ಲೇಮ್ ಡೀಡ್, ಅಂದ್ರೆ ತನ್ನ ಹಕ್ಕು ಎಷ್ಟಿದೆಯೋ ಅಷ್ಟನ್ನೇ ಬಿಟ್ಟುಕೊಡೋ ಪತ್ರ. ಮಾರೋನ ಹತ್ರ ಏನೂ ಇಲ್ಲದಿದ್ರೆ ನಿಮಗೂ ಏನೂ ಬರಲ್ಲ.

ಇನ್ನೊಂದು, ಕ್ಲೇಮ್ ಹಿಡಿಯೋನು ಅಮೆರಿಕದ ಪ್ರಜೆ ಆಗಿರಬೇಕು, ಇಲ್ಲವೇ ಪೌರತ್ವಕ್ಕೆ ಅರ್ಜಿ ಹಾಕಿರಬೇಕು. ಎಚ್-1ಬಿ ಅಷ್ಟೇ ಇದ್ರೆ ಹೆಸರಿಗೆ ಆಗಲ್ಲ.

*ಹರೀಶ:* ಸೀರಿಯಲ್ ನಂಬರ್ ಕೇಳಿ ಮೆಸೇಜ್ ಹಾಕಿದೀನಿ, ಬಂದ್ರೆ ಇಲ್ಲೇ ಹಾಕ್ತೀನಿ. ಬಾಂಡ್ ವಿಷಯ ಮಾತ್ರ ನಾನಿನ್ನೂ ಒಪ್ಪಿಲ್ಲ ಶೈಲಜಾ.